ಕರುಗಲ್ಲಿನ ಮುಂದೆ ಆರದ ದೀಪ

ನಾನು ಚಿಕ್ಕವಳಿದ್ದಾಗ, ಸಾಸಲಿನ ಕಡೆಯ ನಮ್ಮೂರಿನ ಪಕ್ಕದಲ್ಲೇ ಇನ್ನೊಂದು ಊರಿತ್ತು. ಅದರಲ್ಲಿ ಒಂದೇ ಒಂದು ಮನೆಯೂ ಇರಲಿಲ್ಲ! ಯಾವ ಕಾಲದಲ್ಲೋ ಜನ ಬಿಟ್ಟು ಬಂದ ಹಾಳೂರು ಅದು. ಕರಗಿದ ಮಣ್ಣಿನ ಕೋಟೆ, ಅರ್ಧ ತುಂಬಿದ ಕಂದಕ, ಮನೆಗಳಿದ್ದ ಕಡೆ ಸಾಲು ದಿಬ್ಬಗಳು. ನಡುವಿನ ದಿಬ್ಬದ ಮೇಲೆ ಕರುಗಲ್ಲು. ಊರು ಕಟ್ಟುವಾಗ ಮೊದಲು ನೆಡುವ ಕಲ್ಲು ಅದು. ನಮ್ಮ ಹಿರಿಯರು ಅಲ್ಲಿಂದಲೇ ಎದ್ದು ಬಂದವರಂತೆ.

ಹಾಳೂರಿನ ಬೂದಿಮಣ್ಣು ರಾಗಿ ಹೊಲಕ್ಕೆ ಒಳ್ಳೆಯ ಗೊಬ್ಬರ. ಬೇಸಿಗೆ ಬಂತೆಂದರೆ ಎಲ್ಲರೂ ಗಾಡಿ ಕಟ್ಟಿ ಆ ಮಣ್ಣನ್ನು ಅಗೆದು ಹೊಲಕ್ಕೆ ಹೊಡೆಯುತ್ತಿದ್ದರು. ಕೋಟೆ ಹೋಯಿತು, ದಿಬ್ಬಗಳೂ ಹೋದವು. ಆ ವರ್ಷ ಉಳಿದದ್ದು ಕರುಗಲ್ಲಿನ ದಿಬ್ಬ ಒಂದೇ. ಅದನ್ನೂ ಅಗೆಯಲು ಹೊರಟ ಮೊದಲ ಗಾಡಿ ನಮ್ಮಪ್ಪನದೇ.

ಅಕ್ಕನಿಗಾಗ ಹದಿಮೂರು. ಅವತ್ತು ಬೆಳಗಾಗುತ್ತಲೇ, ಗಾಡಿಗಿಂತ ಮುಂಚೆ, ನನ್ನನ್ನು ಎಳೆದುಕೊಂಡು ದಿಬ್ಬಕ್ಕೆ ಓಡಿದಳು. ಕಲ್ಲಿಗೆ ನೀರು ಹುಯ್ದು, ಅರಿಸಿನ ಕುಂಕುಮ ಇಟ್ಟು, ಹೊಂಗೆ ಎಣ್ಣೆಯ ದೀಪ ಹಚ್ಚಿದಳು. ದೀಪ ಉರಿಯುವಷ್ಟು ಹೊತ್ತು ಅಲ್ಲಿ ಗುದ್ದಲಿ ಹಾಕಬಾರದೆಂಬುದು ನಮ್ಮೂರ ಕಟ್ಟಳೆ.

"ಏನೇ ಇದು? ಏಳು ಮೇಲೆ" ಎಂದು ಊರಿನ ಗಾಡಿಗಳ ಮುಂದೆ ಬಂದ ಅಪ್ಪ ಗದರಿದರು.

"ದೀಪ ಆರ್ಲಿ, ಆಮೇಲೆ ಅಗೀರಿ" ಎಂದಳು ಅಕ್ಕ.

"ಎಷ್ಟೊತ್ತು ಉರೀತದೆ, ನೋಡೇಬಿಡಾಣ" ಎಂದು ಅಪ್ಪ ಹುಣಸೆಮರದಡಿ ಬೀಡಿ ಹಚ್ಚಿ ಕುಳಿತರು.

ಎಣ್ಣೆ ತಳ ಕಂಡಾಗ ಅಕ್ಕ ನನಗೆ ಕಣ್ಸನ್ನೆ ಮಾಡಿದಳು. ನಾನು ಕಂದಕಕ್ಕಿಳಿದು, ಬಗ್ಗಿಕೊಂಡು ಮನೆಗೆ ಓಡಿ, ಎಣ್ಣೆಯ ಸೀಸೆಯನ್ನು ಸೊಂಟಕ್ಕೆ ಸಿಕ್ಕಿಸಿ ತಂದೆ. ಹಾಗೆ ಮೂರು ಸಲ! ಕಾದ ಮಣ್ಣಿಗೆ ಅಂಗಾಲು ಚುರುಗುಟ್ಟಿತು. ಲಂಗಕ್ಕೆಲ್ಲ ಎಣ್ಣೆಯ ಕಮಟು ವಾಸನೆ. ಗಾಳಿ ಎದ್ದಾಗ ಇಬ್ಬರೂ ಲಂಗ ಹರಡಿ ಅಡ್ಡ ಕುಳಿತೆವು. ಹೊಟ್ಟೆ ಹಸಿದು ಕೂಗುತ್ತಿತ್ತು. ಎದ್ದೆವೇ? ಊಹೂಂ!

ಹೊತ್ತು ಮುಳುಗುವಾಗ ಅಪ್ಪ ದಿಬ್ಬ ಹತ್ತಿ ಬಂದರು. ಬೆನ್ನಿಗೆ ಬಿತ್ತು ಏಟು ಎಂದು ನಾನು ಕಣ್ಣು ಮುಚ್ಚಿದೆ. ಅವರು ಕುಕ್ಕರಗಾಲಲ್ಲಿ ಕುಳಿತು, ಕುಗ್ಗುತ್ತಿದ್ದ ಬತ್ತಿಯನ್ನು ಬೆರಳಿನಿಂದ ಮುಂದಕ್ಕೆ ನೂಕಿದರು. "ನಿಮ್ಮಜ್ಜಿ ತರಾನೇ ಮೊಂಡಿ ಕಣೇ ನೀನು" ಎಂದರು ಅಕ್ಕನಿಗೆ. ಗಾಡಿಗಳು ಬರಿದಾಗಿಯೇ ಊರಿಗೆ ತಿರುಗಿದವು. ಆ ದಿಬ್ಬಕ್ಕೆ ಮತ್ತೆ ಯಾರೂ ಗುದ್ದಲಿ ಹಾಕಲಿಲ್ಲ.

ಮಕ್ಕಳೇ, ಈಗ ಅಲ್ಲಿ ನಿಮ್ಮ ಲೇಔಟ್ ಇದೆ. ನಿಮ್ಮ ಮನೆಗೆ ಸೈಟ್ ನಂಬರ್ ಇದೆ, ಗೇಟಿನಲ್ಲಿ ಕಾವಲುಗಾರನಿದ್ದಾನೆ. ಕರುಗಲ್ಲು ಪಾರ್ಕಿನ ಮೂಲೆಯಲ್ಲಿದೆ. ಹೋದ ತಿಂಗಳು ಅದನ್ನು ಕೀಳಲು ಜೆಸಿಬಿ ಬಂದು ಸುಮ್ಮನೆ ಹಿಂದಿರುಗಿತಲ್ಲ, ಯಾಕೆಂದು ಕೇಳಿದಿರಿ. ಅಕ್ಕ ಈಗಿಲ್ಲ. ಸೀಸೆ ಇದೆ, ನಾನಿದ್ದೇನೆ; ಅವತ್ತೂ ಕಲ್ಲಿನ ಮುಂದೆ ದೀಪ ಹಚ್ಚಿ ಕೂತಿದ್ದೆ. ಜೆಸಿಬಿಯವರು ಮತ್ತೆ ಬರಲಿ, ಅದನ್ನೂ ನೋಡೋಣ. ಆದರೆ ಎಣ್ಣೆ ತರಲು ಈ ಸಲ ನೀವು ಓಡಬೇಕು, ನನಗೆ ಮಂಡಿನೋವು.