ನಮ್ಮ ಜಾಲತಾಣದ ಬೋಣಿ

ಸೀರೆಯ ಎತ್ತರ ಎಷ್ಟು ಎಂದು ನಿಮ್ಮನ್ನು ಯಾರಾದರೂ ಕೇಳಿದ್ದಾರೆಯೇ? ಉದ್ದ ಕೇಳುತ್ತಾರೆ, ಅಗಲ ಕೇಳುತ್ತಾರೆ, ಸೆರಗು ಎಷ್ಟು ಮೊಳ ಎಂದು ವಿಚಾರಿಸುವ ಹಿರಿಯರೂ ಇದ್ದಾರೆ. ಆದರೆ ಎತ್ತರ? ಮೊನ್ನೆ ಮೊನ್ನೆಯವರೆಗೂ ಈ ಪ್ರಶ್ನೆ ನನಗೆ ಎದುರಾಗಿರಲಿಲ್ಲ. ನನ್ನ ಜಾಲತಾಣಕ್ಕೆ ಅಂಗಡಿಯ ತಂತ್ರಾಂಶವನ್ನು ಜೋಡಿಸಲು ಕೂತಾಗ ಅದು ಕೇಳಿತು. ಉದ್ದ, ಅಗಲ, ಎತ್ತರ, ತೂಕ ಎಂದು ಖಾಲಿ ಚೌಕಗಳನ್ನು ಮುಂದಿಟ್ಟು ಕಾಯತೊಡಗಿತು. ಉಟ್ಟವಳ ಎತ್ತರವೇ ಸೀರೆಯ ಎತ್ತರ ಎಂದು ಬರೆಯೋಣವೆಂದರೆ ಅಂಕಿ ಬಿಟ್ಟು ಬೇರೇನನ್ನೂ ಅದು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಕೊನೆಗೆ ಮಡಚಿಟ್ಟ ಸೀರೆಯ ಪಕ್ಕ ಸ್ಕೇಲು ನಿಲ್ಲಿಸಿ ಅಳೆದೆ. ಒಂದರ ಮೇಲೊಂದು ರೊಟ್ಟಿ ಪೇರಿಸಿಟ್ಟಷ್ಟು ಬಂತು. ಅದನ್ನೇ ಬರೆದೆ.

ನಾವು ರಬಕವಿಯವರು. ಓಣಿಯ ತುಂಬ ವಿದ್ಯುತ್ ಮಗ್ಗಗಳು ಹಗಲೆಲ್ಲ ಖಟಖಟ ಎನ್ನುತ್ತಿದ್ದರೂ ನಮ್ಮ ಮನೆಯಲ್ಲಿ ಕೈಮಗ್ಗ ಉಳಿದಿದೆ. ನನ್ನ ಗಂಡ ಅದರಲ್ಲಿ ಸೀರೆ ನೇಯುತ್ತಾರೆ. ಅತ್ತೆ ಕೂತಲ್ಲೇ ರಾಟೆ ತಿರುಗಿಸಿ ಕಂಡಿಕೆಗೆ ನೂಲು ಸುತ್ತುತ್ತಾರೆ. ನನಗೆ ಮಗ್ಗಕ್ಕೆ ಕೂರುವ ಕೈ ಇಲ್ಲ, ಬಾಯಿ ಮಾತ್ರ ದೇವರು ಧಾರಾಳವಾಗಿ ಕೊಟ್ಟಿದ್ದಾನೆ. ಅದಕ್ಕೊಂದು ಕೆಲಸವಿರಲಿ ಎಂದು ಕೆಲವು ವರ್ಷಗಳ ಹಿಂದೆ ಜಾಲತಾಣ ಮಾಡಿಕೊಂಡೆ. ದಾಳಿಂಬೆ ಕೆಂಪು ಎಲ್ಲಿ ಮುಗಿಯುತ್ತದೆ, ಕುಂಕುಮ ಕೆಂಪು ಎಲ್ಲಿ ಶುರುವಾಗುತ್ತದೆ, ಮಳೆಗಾಲದಲ್ಲಿ ನೂಲು ಯಾಕೆ ಮುನಿಸಿಕೊಳ್ಳುತ್ತದೆ, ಇಂಥವನ್ನೆಲ್ಲ ಬರೆದು ಹಾಕುತ್ತಿದ್ದೆ. ಓದುವವರೂ ಸಿಕ್ಕರು. ಅವರಲ್ಲಿ ಬೀಳಗಿಯ ಶಿಕ್ಷಕಿಯೊಬ್ಬರು ಒಂದು ದಿನ ನನ್ನ ಬರಹದ ಕೆಳಗೆ ಹೀಗೆ ಕೇಳಿದರು: "ಅಕ್ಕಾರ, ಸೀರಿ ಬರೀ ಓದಾಕ ಇಟ್ಟೀರೋ, ಉಡಾಕೂ ಕೊಡ್ತೀರೋ?"

ಕೊಡುವುದು ನಮ್ಮ ಕೈಯಲ್ಲಿ ಇರಲಿಲ್ಲ. ನೇಯ್ದದ್ದೆಲ್ಲ ಬನಹಟ್ಟಿಯ ಚನ್ನಪ್ಪ ಸಾವಕಾರರ ಅಂಗಡಿಗೆ ಹೋಗುತ್ತಿತ್ತು. ಮಾಲು ಕೊಳ್ಳುವ ಮೊದಲು ಅದರ ಮೇಲೆ ದೋಷ ಹೊರಿಸುವುದು ನಮ್ಮ ಪೇಟೆಯ ಪದ್ಧತಿ. ಸಾವಕಾರರು ಆ ಪದ್ಧತಿಯನ್ನು ಪೂಜೆಯಷ್ಟು ನಿಷ್ಠೆಯಿಂದ ನಡೆಸಿಕೊಂಡು ಬಂದವರು. ಸೀರೆ ಬಿಚ್ಚುತ್ತಾರೆ, ಬೆಳಕಿಗೆ ಹಿಡಿಯುತ್ತಾರೆ, ಮುಖ ಹುಳ್ಳಗೆ ಮಾಡುತ್ತಾರೆ. ದಡಿ ಸೊಟ್ಟ ಐತಿ, ಬಣ್ಣ ಸತ್ತೈತಿ, ನೇಯ್ಗಿ ಸಡಲ ಐತಿ. ಇಷ್ಟು ಹೇಳಿ ಮುಗಿಸಿದ ಮೇಲೆ, ಹೋಗಲಿ ಪಾಪ ಎಂಬಂತೆ ದರ ಮುರಿದು ಕೊಳ್ಳುತ್ತಾರೆ. ಆಮೇಲೆ ಅದೇ ಸೀರೆ ಹೆಸರುವಾಸಿಯಾದ ಇನ್ನಾವುದೋ ಊರಿನ ಚೀಟಿ ಅಂಟಿಸಿಕೊಂಡು ಗಾಜಿನ ಕಪಾಟು ಸೇರುತ್ತದೆ. ಗಿರಾಕಿಗಳ ಮುಂದೆ ಅದರ ಗುಣಗಾನ ಮಾಡುವಾಗ ಅವರ ಕಂಠ ಕೇಳಬೇಕು ನೀವು.

ವ್ಯಾಪಾರವೆಂದರೆ ಹೀಗೇ ಎಂದು ನನಗೂ ಗೊತ್ತು. ಆದರೆ ನನ್ನ ಗಂಡ ಅದನ್ನು ವ್ಯಾಪಾರ ಎಂದು ತಿಳಿಯುವ ಪೈಕಿಯಲ್ಲ. ಮದುವೆಯಾದಂದಿನಿಂದ ನೋಡುತ್ತಿದ್ದೇನೆ, ಪ್ರತಿ ಸಲ ಬನಹಟ್ಟಿಯಿಂದ ಬಂದು ಮಗ್ಗದ ಮುಂದೆ ಸುಮ್ಮನೆ ಕೂರುತ್ತಾರೆ. "ಇದೂ ಛಲೋ ಆಗಿಲ್ಲಂತ" ಎನ್ನುತ್ತಾರೆ. ಆಗೆಲ್ಲ ನನಗೆ ಮೈ ಉರಿಯುತ್ತಿತ್ತು.

ಜಾಲತಾಣಕ್ಕೆ ಅಂಗಡಿ ಸೇರಿಸುತ್ತೇನೆ ಎಂದು ನಾನು ಹೊರಟ ಸುದ್ದಿ ಸಾವಕಾರರ ಕಿವಿಗೆ ಬಿತ್ತು. ನನ್ನ ಗಂಡ ಮುಂದಿನ ಸಲ ಮಾಲು ಒಯ್ದಾಗ ಅವರು ಗಾದಿಯ ಮೇಲೆ ಕೂತೇ ನಕ್ಕರಂತೆ. "ಮುಟ್ಟಿ ನೋಡದ ಸೀರಿ ಯಾರ್ ತಗೋತಾರೋ ಮಾರಾಯಾ? ಆತು, ನಿನ್ನ ಹೇಣ್ತಿ ಅಂಗಡಿ ಹಾಕಲಿ. ಆಮ್ಯಾಲ ನೀ ನನ್ನ ಕಟ್ಟಿ ಹತ್ತಬ್ಯಾಡ." ಇವರು ಮನೆಗೆ ಬಂದು ಅದನ್ನು ಹೇಳುವಾಗ ಮುಖ ಬಾಡಿತ್ತು. ನನ್ನ ಅಂಗಡಿ ನಡೆಯದಿದ್ದರೆ ಮಗ್ಗ ನಿಲ್ಲಿಸಿ ಯಾರದೋ ಕಾರ್ಖಾನೆಗೆ ಕೂಲಿಗೆ ಹೋಗಬೇಕಾಗುತ್ತದೆ ಎಂದು ಅವರು ಬಾಯಿಬಿಟ್ಟು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. "ಹತ್ತಬ್ಯಾಡ್ರಿ, ಕಾಲ ನೋಯೂದರೆ ತಪ್ಪತೈತಿ" ಎಂದೆ. ಧೈರ್ಯದಿಂದ ಅಂದದ್ದಲ್ಲ ಅದು, ಸಿಟ್ಟಿನಿಂದ ಅಂದದ್ದು. ನನ್ನ ಅನುಭವದಲ್ಲಿ ಎರಡರಿಂದಲೂ ಕೆಲಸ ಒಂದೇ ಆಗುತ್ತದೆ.

ಜಮಖಂಡಿಯ ಕಂಪ್ಯೂಟರ್ ಅಂಗಡಿಯವರೊಬ್ಬರು "ಇದೆಲ್ಲಾ ನಿಮ್ಮಿಂದ ಆಗೂದಲ್ರೀ, ನಮಗ ಬಿಡ್ರಿ" ಎಂದು ಸಲಹೆ ಕೊಟ್ಟರು. ಹಾಗೆ ಅನ್ನದೆ ಇದ್ದಿದ್ದರೆ ಪ್ರಾಯಶಃ ಅವರಿಗೇ ಬಿಡುತ್ತಿದ್ದೆ. ಅಂದ ಮೇಲೆ ನಾನೇ ಮಾಡಬೇಕಾಯಿತು. ವಿಡಿಯೊ ನೋಡುತ್ತ, ನಿಲ್ಲಿಸುತ್ತ, ಮತ್ತೆ ನೋಡುತ್ತ ತಂತ್ರಾಂಶವನ್ನು ಇಳಿಸಿಕೊಂಡು ಗುಂಡಿ ಒತ್ತಿದೆ. ಇಡೀ ಜಾಲತಾಣ ಬಿಳಿ ಹಾಳೆಯಾಯಿತು. ದಾಳಿಂಬೆ ಕೆಂಪೂ ಇಲ್ಲ, ಕುಂಕುಮ ಕೆಂಪೂ ಇಲ್ಲ. ಹಳೆಯ ಪುಟವಿನ್ಯಾಸಕ್ಕೂ ಹೊಸ ಅಂಗಡಿಗೂ ಒಗ್ಗಿ ಬರುವುದಿಲ್ಲ ಎಂದು ಆಮೇಲೆ ತಿಳಿಯಿತು. ಒಂದೇ ಮನೆಗೆ ಬಂದ ಇಬ್ಬರು ಸೊಸೆಯಂದಿರ ಹಾಗೆ ಅವು ಮೊದಲ ದಿನವೇ ಮಾತು ಬಿಟ್ಟಿದ್ದವು. ಪುಣ್ಯಕ್ಕೆ ಎಲ್ಲದರ ಪ್ರತಿ ತೆಗೆದಿಟ್ಟಿದ್ದೆ. ಪ್ರತಿಯನ್ನು ಮರಳಿ ಏರಿಸಿದೆ, ವಿನ್ಯಾಸ ಬದಲಿಸಿದೆ, ಉಸಿರು ಬಿಗಿಹಿಡಿದು ಮತ್ತೆ ಒತ್ತಿದೆ.

ಈ ಸಲ ಅಂಗಡಿ ಬಂತು. ಬರುವಾಗ ತನ್ನದೇ ಮಾಲನ್ನೂ ಹೊತ್ತುಕೊಂಡು ಬಂತು. ಮಾದರಿಗೆಂದು ಅದರೊಳಗೆ ಟೊಪ್ಪಿಗೆ, ಟೀ ಶರ್ಟು, ತಂಪು ಕನ್ನಡಕಗಳ ಚಿತ್ರಗಳಿದ್ದವು, ಎಲ್ಲದರ ಬೆಲೆಯೂ ಡಾಲರಿನಲ್ಲಿ. ಅತ್ತೆ ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿ, "ಈ ಟೊಪಗಿ ನನ್ನ ಮಗಾ ಯಾವಾಗ ನೇಯ್ದಾನ?" ಎಂದು ಕೇಳಿದರು. ಟೊಪ್ಪಿಗೆಗಳನ್ನು ಒಂದೊಂದಾಗಿ ಹೊರಗೆ ಹಾಕಿ ಡಾಲರನ್ನು ರೂಪಾಯಿ ಮಾಡುವಷ್ಟರಲ್ಲಿ ನನಗೆ ಸಾಕುಬೇಕಾಯಿತು.

ಆದರೂ ಅದಕ್ಕೂ ನನಗೂ ಜಗಳ ತಪ್ಪಲಿಲ್ಲ. ಅಳತೆ ಸಣ್ಣದೋ, ಮಧ್ಯಮವೋ, ದೊಡ್ಡದೋ ಎಂದು ಕೇಳಿತು. ಅಯ್ಯಾ, ಸೀರೆಗೆ ಅಳತೆ ಎಲ್ಲಿಯದು? ಕಡ್ಡಿಯಂಥ ಮದುಮಗಳಿಗೂ ಅದೇ, ನಾಲ್ಕು ಹೆತ್ತು ಹರಡಿಕೊಂಡ ಅತ್ತೆಗೂ ಅದೇ. ಹೆಣ್ಣಿನ ಮೈಗೆ ನೀನು ಇಷ್ಟೇ ಇರಬೇಕು ಎಂದು ಕಟ್ಟಪ್ಪಣೆ ಮಾಡದ ಉಡುಪು ಬೇರೆ ಇದ್ದರೆ ತೋರಿಸಲಿ. ದಾಸ್ತಾನು ಎಷ್ಟು ಎಂದಿತು. ಒಂದು ಎಂದು ಬರೆದೆ. ಕೂಡಲೇ ಚಿತ್ರದ ಕೆಳಗೆ ಕೆಂಪಕ್ಷರದಲ್ಲಿ "ಒಂದೇ ಉಳಿದಿದೆ, ತ್ವರೆಮಾಡಿ!" ಎಂದು ಸಾರತೊಡಗಿತು. ಉಳಿದದ್ದಲ್ಲವೋ, ಇರುವುದೇ ಒಂದು, ಇನ್ನೊಂದು ಮಗ್ಗದ ಮೇಲಿದೆ ಎಂದು ಯಾರಿಗೆ ಹೇಳುವುದು? ಆ ಸಾಲನ್ನು ಅಳಿಸಿ "ಒಂದೇ ಇದೆ. ಅವಸರವಿಲ್ಲ" ಎಂದು ನನ್ನ ಮಾತನ್ನು ಹಾಕಿದೆ. ಚೀಟಿಯ ಜಾಗದಲ್ಲಿ ಊರು ರಬಕವಿ ಎಂದು ದಪ್ಪಕ್ಷರದಲ್ಲಿ ಬರೆದೆ. ನೇಯ್ದವರು ಎಂಬ ಚೌಕ ಅದರಲ್ಲಿ ಇರಲೇ ಇಲ್ಲ. ಹೊಸದಾಗಿ ಸೇರಿಸಿ ನನ್ನ ಗಂಡನ ಹೆಸರು ಹಾಕಿದೆ.

ಇನ್ನು ಉಳಿದದ್ದು ಪರೀಕ್ಷೆ. ಅಂಗಡಿ ಸರಿಯಾಗಿ ನಡೆಯುತ್ತದೆಯೇ ಎಂದು ನೋಡಲು ನಾವೇ ಗಿರಾಕಿಯಾಗಿ ಒಂದು ಆರ್ಡರು ಹಾಕಿ ಆಮೇಲೆ ರದ್ದು ಮಾಡಬೇಕು ಎಂದು ವಿಡಿಯೊದಲ್ಲಿ ಹೇಳಿದ್ದರು. ಹೆಸರು, ವಿಳಾಸ, ಪಿನ್ ಕೋಡ್ ಎಲ್ಲ ಕೇಳಿತು. ನನ್ನ ಬೆರಳುಗಳು ನನ್ನನ್ನು ಕೇಳದೆಯೇ ಟೈಪು ಮಾಡಿದವು. ವರ್ಷಾನುಗಟ್ಟಲೆ ಸೀರೆ ಗಂಟುಗಳ ಮೇಲೆ ಬರೆದು ಬರೆದು ನನಗೆ ಬಾಯಿಪಾಠವಾದ ವಿಳಾಸ ಒಂದೇ, ಅದು ಚನ್ನಪ್ಪ ಸಾವಕಾರರದು. ಅವರ ಬಿಲ್ಲಿನ ಮೇಲೆ ಅಚ್ಚಾಗಿರುವ ಇ-ಮೇಲ್ ಕೂಡ ಸೇರಿಸಿದೆ. ಹಣ ಮಾಲು ಮುಟ್ಟಿದ ಮೇಲೆ ಎಂದು ಆರಿಸಿ ಗುಂಡಿ ಒತ್ತಿದೆ. ನನ್ನ ಫೋನು ಖಣ್ ಎಂದು ಗಂಟೆ ಬಾರಿಸಿತು.

ರಾಟೆ ನಿಂತಿತು. "ಬೋಣಿ ಆತು!" ಎಂದು ಅತ್ತೆ ಎದ್ದೇ ಬಿಟ್ಟರು.

"ಖರೆ ಗಿರಾಕಿ ಅಲ್ರೀ ಅತ್ತಿ, ನಾನ ಸುಮ್ನ ಮಾಡಿ ನೋಡೇನಿ."

"ಗಂಟಿ ಬಾರಿಸಿತೋ ಇಲ್ಲೋ?"

"ಬಾರಿಸಿತ್ರಿ."

"ಹೆಸರು ಬಂತೋ ಇಲ್ಲೋ?"

"ಬಂತ್ರಿ. ಆದ್ರ ಸಾವಕಾರ್ರದ್ದು ಬಂದೈತಿ."

ಅತ್ತೆ ಒಂದು ಗಳಿಗೆ ಯೋಚಿಸಿದರು. "ಯಾರದರೆ ಇರವೊಲ್ದ್ಯಾಕ. ಮದಲನೇ ಬೋಣಿ ಹೊಳ್ಳಿಸಿದ್ರ ಅಂಗಡಿ ಏಳಂಗಿಲ್ಲವಾ. ಕಟ್ಟ ಸೀರಿ."

ರದ್ದು ಮಾಡುವ ಗುಂಡಿ ನನ್ನ ಕಣ್ಣೆದುರಿಗೇ ಇತ್ತು. ಆದರೆ ಮೊದಲ ಗಿರಾಕಿಯನ್ನು ಬರಿಗೈಯಲ್ಲಿ ಕಳಿಸಬಾರದು, ಮೊದಲ ವ್ಯಾಪಾರವನ್ನು ಮುರಿಯಬಾರದು ಎಂಬುದನ್ನು ಸಂತೆಯಲ್ಲಿ ಕೊತ್ತಂಬರಿ ಮಾರುವವಳೂ ಪಾಲಿಸುತ್ತಾಳೆ. ನಾನು ಯಾವ ಸೀಮೆಯ ದೊಡ್ಡವಳು? ನಿಜ ಹೇಳುತ್ತೇನೆ, ಒಳಗೊಳಗೇ ನನಗೂ ಒಂದು ಹುಕಿ ಬಂದಿತ್ತು. ಸೀರೆ ಕಟ್ಟಿದೆ. ಅತ್ತೆ ಪೊಟ್ಟಣಕ್ಕೆ ಕುಂಕುಮ ಹಚ್ಚಿದರು. ಇವರು ಮಾತ್ರ "ನಾ ಬರಂಗಿಲ್ಲ, ನೀನೂ ಹೋಗಬ್ಯಾಡ" ಎಂದು ಮಗ್ಗದ ಹಿಂದೆ ಅಡಗಿದರು. ಪರದೆಯ ಮೇಲೆ "ರವಾನಿಸಲಾಗಿದೆ" ಎಂದು ಗುರುತು ಹಾಕಿ ನಾನು ಸ್ಕೂಟರು ಹತ್ತಿದೆ.

ಬನಹಟ್ಟಿಯಲ್ಲಿ ಸಾವಕಾರರು ಆಗಷ್ಟೇ ದೇವರಿಗೆ ಊದುಬತ್ತಿ ಹಚ್ಚಿ ಗಾದಿಗೆ ಬಂದಿದ್ದರು. ಅಂಗಡಿಯಲ್ಲಿ ಇಬ್ಬರು ಹೆಂಗಸರು ಸೀರೆ ನೋಡುತ್ತ ಕೂತಿದ್ದರು. ಪೊಟ್ಟಣವನ್ನು ಅವರ ಮುಂದಿಟ್ಟು ಇದ್ದದ್ದನ್ನು ಇದ್ದ ಹಾಗೇ ಹೇಳಿದೆ. "ಸಾವಕಾರ್ರ, ನೀವು ಇದನ್ನ ಕೇಳಿಲ್ರಿ. ನಾನ ತಪ್ಪಿ ನಿಮ್ಮ ಹೆಸರು ಹಾಕೇನಿ. ಬ್ಯಾಡಂದ್ರ ಒಯ್ತೇನ್ರಿ. ಆದ್ರ ನಮ್ಮ ಅಂಗಡಿ ಬೋಣಿ ಇದು."

ಅವರ ಕೈ ಅಭ್ಯಾಸಬಲದಿಂದ ಪೊಟ್ಟಣದ ದಾರಕ್ಕೆ ಹೋಯಿತು. "ಬಿಚ್ಚಬ್ಯಾಡ್ರಿ" ಎಂದೆ. "ರೊಕ್ಕಾ ಕೊಟ್ಟ ಮ್ಯಾಲ ಬಿಚ್ಚೂದ್ರಿ. ನಮ್ಮ ಅಂಗಡ್ಯಾಗ ಹಂಗ ಐತಿ."

ಹೆಂಗಸರಿಬ್ಬರೂ ಸೀರೆ ನೋಡುವುದನ್ನು ಬಿಟ್ಟು ನಮ್ಮನ್ನೇ ನೋಡುತ್ತಿದ್ದರು. ಸಾವಕಾರರು ಊದುಬತ್ತಿಯ ಕಡೆ ನೋಡಿದರು, ನನ್ನ ಕಡೆ ನೋಡಿದರು. ಇನ್ನೊಬ್ಬರ ಬೋಣಿ ಕೆಡಿಸಿದ ವ್ಯಾಪಾರಿ ಎನ್ನಿಸಿಕೊಳ್ಳುವುದು ಅವರಿಗೆ ಸಾಧ್ಯವೇ ಇರಲಿಲ್ಲ. ಪೊಟ್ಟಣದ ಮೇಲಿನ ದರ ಓದಿ, "ಏನರೆ ಹೆಚ್ಚು ಕಡಿಮಿ…" ಎಂದು ಶುರುಮಾಡಿದವರು ಅಷ್ಟಕ್ಕೇ ತಾವೇ ತಡೆದುಕೊಂಡರು. ಪೂರ್ತಿ ಹಣ ಎಣಿಸಿ ಕೊಟ್ಟರು. ನಾನು ಕಣ್ಣಿಗೊತ್ತಿಕೊಂಡೆ.

"ನಿನ್ನ ಕಂಪ್ಯೂಟರ್ ಬಾಳ ಶಾಣ್ಯಾ ಐತವಾ" ಎಂದರು.

"ಶಾಣ್ಯಾ ಇಲ್ರಿ, ಮಳ್ಳ ಐತಿ. ಬರದದ್ದೆಲ್ಲಾ ಖರೆ ಅಂತ ತಿಳಕೊತೈತಿ" ಎಂದು ಹೇಳಿ, ಅವರು ದಾರ ಬಿಚ್ಚುವ ಮೊದಲೇ ಹೊರಬಿದ್ದೆ.

ಆಮೇಲೆ ಬೀಳಗಿಯ ಶಿಕ್ಷಕಿ ಒಂದು ಸೀರೆ ತರಿಸಿಕೊಂಡರು. ಮುಧೋಳದಿಂದ ಒಬ್ಬರು ಮಗಳ ಸೀಮಂತಕ್ಕೆ ಕೇಳಿದರು. ನಿತ್ಯ ಗಂಟೆ ಬಾರಿಸುತ್ತಿತ್ತು ಎಂದು ಸುಳ್ಳು ಹೇಳಲಾರೆ. ದಿನಗಟ್ಟಲೆ ಸುಮ್ಮನಿದ್ದಾಗ ಫೋನು ಕೆಟ್ಟಿದೆಯೋ ಏನೋ ಎಂದು ತೆಗೆದು ತೆಗೆದು ನೋಡುತ್ತಿದ್ದೆ. ಮಗ್ಗ ಮಾತ್ರ ನಿಂತಿರಲಿಲ್ಲ, ಅಷ್ಟೇ ಸಮಾಧಾನ.

ಅಷ್ಟರಲ್ಲಿ ನನ್ನ ಮಳ್ಳ ತಂತ್ರಾಂಶ ಇನ್ನೊಂದು ಕೆಲಸ ಮಾಡಿತ್ತು. ಕೊಂಡವರಿಗೆಲ್ಲ ಕೆಲವು ದಿನ ಬಿಟ್ಟು, ಮಾಲು ಹೇಗಿದೆ, ಐದರಲ್ಲಿ ಎಷ್ಟು ನಕ್ಷತ್ರ ಕೊಡುತ್ತೀರಿ ಎಂದು ತಾನಾಗಿಯೇ ಇ-ಮೇಲ್ ಕಳಿಸುವುದು ಅದರ ಸ್ವಭಾವ. ಸಾವಕಾರರಿಗೂ ಕಳಿಸಿತ್ತು. ಒಂದು ಮಧ್ಯಾಹ್ನ ಊಟ ಮುಗಿಸಿ ನೋಡುತ್ತೇನೆ, ಸೀರೆಯ ಚಿತ್ರದ ಕೆಳಗೆ ಅವರ ಹೆಸರು ಕೂತಿದೆ. ಎರಡು ನಕ್ಷತ್ರ. ಅದರ ಕೆಳಗೆ ಬರೆದಿದ್ದರು: "ಮಾಲು ಛಲೋ ಐತಿ. ದರಾ ಬಾಳ ಆತು."

ಎರಡು ನಕ್ಷತ್ರ ನೋಡಿದ್ದೇ ನನಗೆ ರೇಗಿತು. ಇವರಿಗೆ ಓದಿ ಹೇಳಿ, ಅಳಿಸುವ ಗುಂಡಿಗೆ ಬೆರಳು ಒಯ್ದೆ. ಇವರು ಮಗ್ಗದಿಂದ ಎದ್ದು ಬಂದು ನನ್ನ ಕೈ ಹಿಡಿದರು.

"ತಡಿ. ಇನ್ನೊಮ್ಮಿ ಓದು."

ಓದಿದೆ.

"ಅದನ್ನಲ್ಲ. ಬರೀ ಮದಲನೇದ್ದು."

"ಮಾಲು ಛಲೋ ಐತಿ" ಎಂದು ಓದಿದೆ. ಇವರು ಪರದೆಯ ಮೇಲಿನ ಆ ಅಕ್ಷರಗಳನ್ನು ಸ್ವಲ್ಪ ಹೊತ್ತು ನೋಡಿ ಮತ್ತೆ ಹೋಗಿ ಮಗ್ಗಕ್ಕೆ ಕೂತರು.

ಕೂತು ಯೋಚಿಸಿದರೆ ಇದರಲ್ಲಿ ಸೋಜಿಗವೇನೂ ಇಲ್ಲ. ಹಣ ಕೊಡುವ ಮೊದಲು ಸೀರೆ ಕೈಗೆ ಬಂದರೆ ಸಾವಕಾರರಿಗೆ ಅದರಲ್ಲಿ ದೋಷ ಕಾಣಲೇಬೇಕು, ಅದು ಅವರ ಕಸುಬು. ನಮ್ಮ ಅಂಗಡಿಯಲ್ಲಿ ಹಣ ಮೊದಲೇ ಹೋಗಿಬಿಟ್ಟಿತ್ತು. ಕೊಸರಾಡಲು ಏನೂ ಉಳಿಯದೆ ಇದ್ದಾಗ ಸೀರೆಯನ್ನು ಸೀರೆಯಾಗಿ ನೋಡಿದ್ದಾರೆ, ಪಾಪ, ಬಹುಶಃ ಎಷ್ಟೋ ವರ್ಷಗಳ ಮೇಲೆ. ದರದ ಬಗ್ಗೆ ಗೊಣಗಿದ್ದು ಇರಲಿ, ಅಷ್ಟೂ ಗೊಣಗದಿದ್ದರೆ ಅದನ್ನು ಬರೆದವರು ಸಾವಕಾರರೇ ಎಂದು ಈ ಸೀಮೆಯಲ್ಲಿ ಯಾರು ನಂಬುತ್ತಾರೆ?

ಆ ಮಾತನ್ನು ನಾನು ಅಳಿಸಲಿಲ್ಲ. ಎರಡು ನಕ್ಷತ್ರಗಳೂ ಅಲ್ಲೇ ಇವೆ, ನೀವು ಬೇಕಾದರೆ ಹೋಗಿ ನೋಡಬಹುದು. ಒಂದನ್ನು ಮಾತ್ರ ಬದಲಿಸಿದೆ. ಮಾಲು ಛಲೋ ಎಂದು ಸಾವಕಾರರೇ ಹೇಳಿದ ಮೇಲೆ ಹಳೆಯ ದರಕ್ಕೆ ಮಾರಿದರೆ ಅವರ ಮಾತಿಗೆ ಬೆಲೆ ಕೊಡದಂತಾಗುತ್ತದೆ. ಅಂದೇ ಸಂಜೆ ಎಲ್ಲ ಸೀರೆಗಳ ದರ ಏರಿಸಿದೆ.