ಹೈಫಾದ ಮೆಟ್ಟಿಲ ಮೇಲೆ ನಾನು ಅತ್ತ ಅಳು

ಕೊರೊನಾ ಬರುವುದಕ್ಕೆ ನಾಲ್ಕು ವರ್ಷ ಮೊದಲು ನಾನು ಇಸ್ರೇಲಿನ ಹೈಫಾ ಎಂಬ ಊರಲ್ಲಿ ಕೇರ್‌ಗಿವರ್ ಆಗಿ ಕೆಲಸಕ್ಕೆ ಸೇರಿದೆ. ಕೇರ್‌ಗಿವರ್ ಎಂದರೆ ತಾವಾಗಿ ಏಳಲಾಗದ ವೃದ್ಧರನ್ನು ಎಬ್ಬಿಸಿ ಕೂರಿಸುವುದು, ಸ್ನಾನ ಮಾಡಿಸುವುದು, ಹೊತ್ತುಹೊತ್ತಿಗೆ ಗುಳಿಗೆ ಕೊಡುವುದು, ಅವರ ಮನೆಯಲ್ಲೇ ಇರುವುದು. ನನ್ನೂರು ಕಮಲಾಪುರ. ಓದಿದ್ದು ನಾಲ್ಕನೇ ಇಯತ್ತೆ. ಅದಕ್ಕೂ ಮೊದಲು ಹದಿನಾರು ವರ್ಷ ಕಲಬುರಗಿಯ ಒಂದು ಆಸ್ಪತ್ರೆಯಲ್ಲಿ ಆಯಾ ಆಗಿದ್ದೆ.

ಈಗ ಇದನ್ನು ಬರೆಯಲು ಕಾರಣವಿದೆ. ಹೋದ ತಿಂಗಳು ನನ್ನ ಮೊಮ್ಮಗಳು ಪ್ರಜ್ಞಾಳ ಹೆಸರು ಒಂದು ಪುಸ್ತಕದ ಮುಖಪುಟದ ಮೇಲೆ ಅಚ್ಚಾಗಿ ಬಂತು. ಆ ಪುಸ್ತಕ ನನ್ನ ದಿಂಬಿನ ಪಕ್ಕದಲ್ಲೇ ಇರುತ್ತದೆ. ದಿನಕ್ಕೆ ಹತ್ತು ಸಲ ಅವಳ ಹೆಸರಿನ ಮೇಲೆ ಕೈಯಾಡಿಸುತ್ತೇನೆ. ಓಣಿಯಲ್ಲಿ ತೋರಿಸದೆ ಬಿಟ್ಟ ಮನೆ ಒಂದೂ ಇಲ್ಲ. ಆದರೆ ಆ ಹೆಸರು ಅಲ್ಲಿಗೆ ಬರುವ ಮೊದಲು ನಾನು ಒಬ್ಬರ ಮೇಲೆ ಸೇಡು ತೀರಿಸಿಕೊಳ್ಳಬೇಕಾಯಿತು. ಅದನ್ನೂ ಮುಚ್ಚಿಡದೆ ಹೇಳುತ್ತೇನೆ.

ಹೈಫಾದಲ್ಲಿ ನಾನು ನೋಡಿಕೊಳ್ಳುತ್ತಿದ್ದ ಅಜ್ಜಿ ಹೀಬ್ರೂ ಭಾಷೆಯಲ್ಲಿ ಕತೆ ಬರೆಯುವವರು. ಆಗಲೇ ಎಂಬತ್ತೇಳು ವರ್ಷ. ಅವರ ಭಾಷೆಯಲ್ಲಿ ಅಜ್ಜಿಗೆ ಸವ್ತಾ ಎನ್ನುತ್ತಾರೆ. ನಾನೂ ಹಾಗೇ ಕರೆಯುತ್ತಿದ್ದೆ. ಎರಡು ವರ್ಷದಲ್ಲಿ ಅವರ ಮಾತು ನನ್ನ ಬಾಯಿಗೆ ಬಂತು. ಅಕ್ಷರ ಮಾತ್ರ ಬರಲಿಲ್ಲ. ಹಾಗಾಗಿ ಸವ್ತಾ ತಮ್ಮ ಕತೆಗಳನ್ನು ತಾವೇ ಓದಿ ನನ್ನ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಡುತ್ತಿದ್ದರು.

ಲಂಡನ್ನಿನ ಹೆಲೆನ್ ಎಂಬಾಕೆ ಆ ಕತೆಗಳನ್ನು ಇಂಗ್ಲಿಷಿಗೆ ತರುತ್ತಿದ್ದಳು. ಹೀಬ್ರೂ ಓದಬಲ್ಲವರು ಜಗತ್ತಿನಲ್ಲಿ ಎಷ್ಟು ಮಂದಿ? ಇಂಗ್ಲಿಷಿಗೆ ಬಂದ ಮೇಲೆಯೇ ದೇಶದೇಶದವರು ಓದುವುದು. ಪ್ರತಿ ಮಂಗಳವಾರ ಆಕೆ ವಿಡಿಯೋ ಕಾಲ್ ಮಾಡಿ, ಕೈಯಲ್ಲಿ ಪ್ರಶ್ನೆಪಟ್ಟಿ ಹಿಡಿದು ಕೂರುತ್ತಿದ್ದಳು. ಚಹಾದ ಲೋಟಕ್ಕೆ ಹಿಡಿಕೆ ಇತ್ತೋ ಇಲ್ಲವೋ? ಬಾಗಿಲು ಒಳಕ್ಕೆ ತೆರೆಯುತ್ತದೋ ಹೊರಕ್ಕೋ? ಸವ್ತಾ ಹೇಳುವರು, ನಾನು ಲೋಟ ಎತ್ತಿ ಕ್ಯಾಮೆರಾಕ್ಕೆ ತೋರಿಸುವೆ, ಬಾಗಿಲು ತೆಗೆದು ಹಾಕುವೆ. ಇಷ್ಟಕ್ಕೆಲ್ಲ ಇಷ್ಟು ಕೇಳಬೇಕಾ ಎಂದು ಮೊದಲು ನಗು ಬರುತ್ತಿತ್ತು. ಆಮೇಲೆ ಅದು ನನ್ನದೇ ಕೆಲಸದ ಹಾಗೆ ಕಂಡಿತು. ರೋಗಿಯನ್ನು ಎತ್ತುವ ಮೊದಲು "ಎತ್ತಲಾ?" ಎಂದು ಕೇಳಬೇಕು. ಕೇಳದೆ ಎತ್ತಿದರೆ ಎಲುಬು ಮುರಿಯುತ್ತದೆ.

ಮೂರನೇ ವರ್ಷ ಸವ್ತಾನ ತಮ್ಮ ತೀರಿಕೊಂಡರು. ನಾನು ವಾರದ ರಜೆಗೆ ನಮ್ಮ ಕಡೆಯ ಹೆಣ್ಣುಮಕ್ಕಳ ಕೋಣೆಗೆ ಹೋಗಿದ್ದೆ, ಮೊಬೈಲಿನ ಚಾರ್ಜ್ ಮುಗಿದಿತ್ತು. ರವಿವಾರ ಮಧ್ಯಾಹ್ನ ವಾಪಸು ಬಂದಾಗ ಕೆಳಗಿನ ಮನೆಯಾಕೆ ಸುದ್ದಿ ಹೇಳಿದಳು. ಆಗಲೇ ಮಣ್ಣು ಮಾಡಿ ಮುಗಿದಿತ್ತು.

ಕಮಲಾಪುರದಲ್ಲಿ ಸತ್ತ ಮನೆಗೆ ಹೋಗುವವರು ಓಣಿಯ ತಿರುವಿನಿಂದಲೇ ದನಿ ತೆಗೆದು ಹಾಡಿಕೊಂಡು ಅಳುತ್ತಾ ಹೋಗಬೇಕು. ಸುಮ್ಮನೆ ಹೋದರೆ ವೈರಿ ಬಂದಳು ಅನ್ನುತ್ತಾರೆ. ನಾನು ಮೆಟ್ಟಿಲ ಮೇಲೆಯೇ ಶುರು ಮಾಡಿದೆ. ಸವ್ತಾನ ತಮ್ಮನನ್ನು ನಾನು ಕಂಡಿದ್ದು ಎರಡೇ ಸಲ. ಎರಡು ಸಲವೂ ಕಿತ್ತಳೆ ಸುಲಿದು ಅರ್ಧ ನನಗೆ ಕೊಟ್ಟಿದ್ದರು. "ಕಿತ್ತಳಿ ಸುಲಿದು ಕೊಟ್ಟ ಅಣ್ಣಾ, ಅರ್ಧ ನನಗಿಟ್ಟ ಅಣ್ಣಾ, ಇನ್ನ ಯಾರು ಕೊಡ್ತಾರೋ" ಎಂದು ಎದೆ ಬಡಿದುಕೊಂಡು ಮೂರು ಮಹಡಿ ಹತ್ತಿದೆ.

ಬಾಗಿಲು ತೆರೆದೇ ಇತ್ತು. ಒಳಗೆ ಇಪ್ಪತ್ತು ಮಂದಿ, ಒಂದು ಉಸಿರಿನ ಸದ್ದೂ ಇಲ್ಲ. ಅವರಲ್ಲಿ ಏಳು ದಿನ ಮನೆಯವರು ಗಿಡ್ಡ ಸ್ಟೂಲಿನ ಮೇಲೆ ಕೂರುತ್ತಾರೆ. ಬಂದವರು, ದುಃಖದಲ್ಲಿರುವವರು ತಾವಾಗಿ ಬಾಯಿ ಬಿಡುವವರೆಗೂ ಒಂದು ಮಾತೂ ಆಡುವ ಹಾಗಿಲ್ಲ. ಅದು ನನಗೇನು ಗೊತ್ತು! ಸವ್ತಾನ ಸೊಸೆ ಓಡಿ ಬಂದು ನನ್ನ ಬಾಯಿ ಮುಚ್ಚಲು ಹೋದಳು. ಸವ್ತಾ ಸ್ಟೂಲಿನಿಂದಲೇ ಕೈ ಎತ್ತಿದರು. ಅವರ ಮಾತನ್ನು ನಮ್ಮ ಮಾತಲ್ಲಿ ಹೇಳುವುದಾದರೆ ಹೀಗೆ: "ಬಿಡು, ಆಕಿ ಅಳಲಿ. ನನ್ನ ಪಾಲಿಂದೂ ಆಕೀನೇ ಅಳ್ಳಾಕತ್ತಾಳ." ಆ ದಿನ ಅವರು ಆಡಿದ ಮೊದಲ ಮಾತು ಅದು.

ಮುಂದೆ ಅದನ್ನೇ ಅವರು ಕತೆ ಮಾಡಿದರು. ಹೆಲೆನ್ ಅದನ್ನು ಇಂಗ್ಲಿಷಿಗೆ ತಂದಳು. ಎರಡು ವರ್ಷದ ಹಿಂದೆ ಸವ್ತಾ ಹೋದರು. ನಾನು ಕಮಲಾಪುರಕ್ಕೆ ಬಂದೆ.

ಪ್ರಜ್ಞಾ ಆಗ ಎಂ.ಎ. ಮುಗಿಸಿ ಕಲಬುರಗಿಯ ಒಬ್ಬ ಪ್ರಕಾಶಕರ ಬಳಿ ಪ್ರೂಫ್ ನೋಡುತ್ತಿದ್ದಳು. ಪ್ರೂಫ್ ಎಂದರೆ ಅಚ್ಚಿಗೆ ಹೋಗುವ ಮುನ್ನ ತಪ್ಪು ಹುಡುಕುವ ಪ್ರತಿ. ಒಂದು ದಿನ ಅವಳು ಕುಣಿಯುತ್ತಾ ಬಂದಳು. "ಆಯೀ, ನಿನ್ನ ಸವ್ತಾನ ಕತಿ ಕನ್ನಡಕ್ಕ ಬರಾಕತ್ತಾವ! ಕೇಳು" ಎಂದು ಓದತೊಡಗಿದಳು. ಇಂಗ್ಲಿಷಿನಿಂದ ಕನ್ನಡಕ್ಕೆ ತಂದವರು ಒಬ್ಬ ನಿವೃತ್ತ ಪ್ರಾಧ್ಯಾಪಕರು. ಪ್ರಕಾಶಕರ ಆಫೀಸಿನಲ್ಲಿ ಎಲ್ಲರೂ ಅವರನ್ನು ದೊಡ್ಡ ಸರ್ ಅನ್ನುತ್ತಾರೆ. ಹೆಸರು ಬರೆಯುವುದಿಲ್ಲ. ನನ್ನ ಹೆಸರು ಕೇಳದವರ ಹೆಸರು ನಾನೇಕೆ ಬರೆಯಲಿ?

ಆ ಕನ್ನಡದಲ್ಲಿ ನಾನು 'ಮಾಲಕಿ ಮೆಚ್ಚಲೆಂದು ಮೆಟ್ಟಿಲ ಮೇಲೆ ನಾಟಕ ಹೂಡುವ ಆಳು' ಆಗಿದ್ದೆ. ಕಿತ್ತಳೆ ಇರಲಿಲ್ಲ. ಸುಮ್ಮನೆ ಕೂತ ಇಪ್ಪತ್ತು ಮಂದಿ ಬಾಯಿ ತೆರೆದು ಗಾದೆ ಹೇಳಿ ಸಮಾಧಾನ ಮಾಡುತ್ತಿದ್ದರು. ಸವ್ತಾನ ಆ ಒಂದು ಮಾತು ಎಲ್ಲೂ ಇರಲಿಲ್ಲ.

ಪ್ರಜ್ಞಾ ಓದು ನಿಲ್ಲಿಸಿದಳು. "ಆಯಿ, ಇದು ಇಂಗ್ಲಿಷಿನ್ಯಾಗ ಇಲ್ಲ. ಇವರೇ ಹಾಕ್ಯಾರ."

"ನಡಿ," ಎಂದೆ. ಮರುದಿನ ಬೆಳಿಗ್ಗೆಯ ಬಸ್ಸಿಗೆ ಇಬ್ಬರೂ ಕಲಬುರಗಿಗೆ ಹೋದೆವು.

ದೊಡ್ಡ ಸರ್ ಪ್ರಕಾಶಕರ ಎದುರು ಚಹಾ ಕುಡಿಯುತ್ತಿದ್ದರು. ಹೈಫಾದಲ್ಲಿ ಸವ್ತಾನನ್ನು ನೋಡಿಕೊಂಡವಳು ನಾನು, ಕತೆ ಹೀಗಿಲ್ಲ ಎಂದು ಕೈಮುಗಿದು ಹೇಳಿದೆ. ಅಳುವ ಹೆಂಗಸು ನಾನೇ ಎನ್ನುವ ಮೊದಲೇ ಅವರು ನಕ್ಕರು.

"ಎಷ್ಟು ಓದೀದೆವ್ವ?"

"ನಾಕನೇ ಇಯತ್ತ ರೀ."

"ಹೀಬ್ರೂ ಓದ್ತಿಯೇನು?"

"ಓದಾಕ ಬರಲ್ಲರಿ. ಮಾತಾಡಾಕ ಬರ್ತದ."

"ನೋಡ್ರಿ ಪಾ," ಎಂದು ಪ್ರಕಾಶಕರ ಕಡೆ ತಿರುಗಿದರು, "ಮುದುಕೇರ ಕುಂಡಿ ತೊಳದಾಕಿ ನನ್ನ ಅನುವಾದ ತಿದ್ದಾಕ ಬಂದಾಳ. ಸತ್ತ ಮನ್ಯಾಗ ಯಾರರ ಮೂಕರಂಗ ಕೂಡ್ತಾರೇನ್ರಿ? ಓದೋರಿಗಿ ಬೇಜಾರಾಗ್ತದ ಅಂತ ಸುಧಾರಿಸೀನಿ. ಪ್ರೂಫ್ ಹೊರಗ ಒಯ್ದ ಈ ಹುಡುಗೀನ ಮೊದಲು ತಗೀರಿ."

ಸಂಜೆಯೊಳಗೆ ಪ್ರಜ್ಞಾಳ ಕೆಲಸ ಹೋಯಿತು. ಬಸ್ಸಿನಲ್ಲಿ ಅವಳು ಕಿಟಕಿಯ ಕಡೆ ಮುಖ ಮಾಡಿ ಅತ್ತಳು. ನಾನು ಅಳಲಿಲ್ಲ. ಕುಂಡಿ ತೊಳೆದದ್ದಕ್ಕೆ ನನಗೆ ನಾಚಿಕೆಯಿಲ್ಲ. ಅದು ನನ್ನ ಅನ್ನ. ಆದರೆ ನನ್ನ ಅಳುವನ್ನು ಸುಳ್ಳು ಮಾಡಿದವನನ್ನು, ನನ್ನ ಕೂಸಿನ ಅನ್ನ ಕಿತ್ತವನನ್ನು ಬಿಡಬಾರದು ಎಂದು ಕಮಲಾಪುರ ಬರುವುದರೊಳಗೆ ಗಟ್ಟಿ ಮಾಡಿಕೊಂಡೆ.

ಮನೆಗೆ ಬಂದವಳೇ ಹೆಲೆನ್‌ಗೆ ಫೋನ್ ಹಚ್ಚಿ ಹೀಬ್ರೂದಲ್ಲಿ ಎಲ್ಲ ಹೇಳಿದೆ. ಬೇರೆ ಭಾಷೆಗೆ ಪುಸ್ತಕ ಕೊಡುವಾಗ ಕರಾರು ಪತ್ರವಾಗುತ್ತದಂತೆ. ಕೇಳದೆ ಸೇರಿಸುವ ಹಾಗಿಲ್ಲ, ಕೇಳದೆ ತೆಗೆಯುವ ಹಾಗಿಲ್ಲ ಎಂದು ಅದರಲ್ಲಿ ಬರೆದಿರುತ್ತದಂತೆ. ಹಕ್ಕು ಸವ್ತಾನ ಮಗನ ಕೈಯಲ್ಲಿತ್ತು. ಎರಡು ವಾರದಲ್ಲಿ ಅವರು ಪ್ರಕಾಶಕರಿಗೆ ಪತ್ರ ಬರೆದು, ಹೆಲೆನ್ ಮುಂದೆ ವಿಡಿಯೋದಲ್ಲಿ ಆ ಕತೆಯ ಪರೀಕ್ಷೆ ಆಗಲೇಬೇಕು, ನಾನೂ ಪ್ರಜ್ಞಾಳೂ ಅಲ್ಲಿರಬೇಕು ಎಂದರು.

ಆ ದಿನ ನಾನು ಒಳ್ಳೆಯ ಸೀರೆ ಉಟ್ಟು ದೊಡ್ಡ ಸರ್ ಪಕ್ಕದ ಕುರ್ಚಿಯಲ್ಲೇ ಕುಳಿತೆ. ಅವರು ಕುರ್ಚಿ ಸರಿಸಿಕೊಂಡರು. ಹೆಲೆನ್ ಪ್ರಶ್ನೆಪಟ್ಟಿ ತೆಗೆದಳು. ಹದಿನಾಲ್ಕು ಪ್ರಶ್ನೆ. ಅವಳ ಇಂಗ್ಲಿಷನ್ನು ಪ್ರಜ್ಞಾ ನನ್ನ ಕಿವಿಯಲ್ಲಿ ಹೇಳುತ್ತಿದ್ದಳು.

ಮುದುಕಿ ಯಾವುದರ ಮೇಲೆ ಕೂತಿದ್ದಾಳೆ? "ಸೋಫಾ," ಎಂದರು ದೊಡ್ಡ ಸರ್. ಬಂದವರು ಏಕೆ ಮಾತಾಡುವುದಿಲ್ಲ? "ಮನೆಯವರೊಂದಿಗೆ ಜಗಳವಿರಬಹುದು." ಮೆಟ್ಟಿಲ ಮೇಲಿನ ಹೆಂಗಸು ಏನು ನೆನೆದು ಅಳುತ್ತಾಳೆ? ಅವರು ಹಾಳೆ ತಿರುವಿದರು. ಕಿತ್ತಳೆಯನ್ನು ತಾವೇ ತೆಗೆದಿದ್ದು ಅವರಿಗೆ ನೆನಪಿರಲಿಲ್ಲ.

ಆಗ ಹೆಲೆನ್ ಹೀಬ್ರೂದಲ್ಲಿ "ಶಾಂತಾ, ನೀನು ಹೇಳು" ಎಂದಳು. ನಾನು ಶುರು ಮಾಡಿದೆ. ಸ್ಟೂಲು, ತೆರೆದ ಬಾಗಿಲು, ಕಿತ್ತಳೆ, ಸವ್ತಾ ಎತ್ತಿದ ಕೈ. ಹತ್ತು ನಿಮಿಷ ನಾವಿಬ್ಬರೂ ಹೀಬ್ರೂದಲ್ಲೇ ಮಾತಾಡಿದೆವು, ಮಧ್ಯೆ ಒಂದೆರಡು ಸಲ ನಕ್ಕೆವು ಕೂಡ. ದೊಡ್ಡ ಸರ್ ಅವಳ ಬಾಯಿ ನೋಡಿದರು, ನನ್ನ ಬಾಯಿ ನೋಡಿದರು. ಆಹಾ, ಆ ಹತ್ತು ನಿಮಿಷ! ಸಿಹಿ ಎಂದರೆ ಅದು.

ಕೊನೆಗೆ ಹೆಲೆನ್ ಇಂಗ್ಲಿಷಿನಲ್ಲಿ ಅವರನ್ನು ಕೇಳಿದಳು: "ಈ ಕತೆಯ ಹೆಂಗಸು ಯಾರು ಗೊತ್ತೇ?"

"ಕಲ್ಪನೆಯ ಪಾತ್ರ," ಎಂದರು.

"ನಿಮ್ಮ ಎಡಕ್ಕೆ ಕೂತಿದ್ದಾಳೆ."

ದೊಡ್ಡ ಸರ್ ಎಡಕ್ಕೆ ತಿರುಗಿದರು. ಪ್ರಕಾಶಕರ ಮುಂದೆ ಅವರಿಗೆ ಉಳಿದಿದ್ದ ಮರ್ಯಾದೆಯೂ ಹೋಯಿತು. ಆ ಅನುವಾದ ರದ್ದಾಯಿತು. ಹೊಸದಾಗಿ ಅನುವಾದಿಸುವ ಕೆಲಸ ಪ್ರಜ್ಞಾಳಿಗೆ ಬಂತು. ಒಂಬತ್ತು ತಿಂಗಳು ಅವಳು ಇಂಗ್ಲಿಷ್ ಓದುವಳು, ನಾನು ಮೊಬೈಲಿನಲ್ಲಿ ಸವ್ತಾನ ದನಿ ಕೇಳುವೆ. ಎರಡೂ ಕೂಡಿದ ಮೇಲೆಯೇ ಒಂದು ಸಾಲು ಮುಂದೆ ಹೋಗುತ್ತಿತ್ತು.

ಬಿಡುಗಡೆಯ ದಿನ ಕಮಲಾಪುರದ ಕೆಂಪು ಬಾಳೆಯ ಗೊನೆಯನ್ನೇ ಕಲಬುರಗಿಗೆ ಒಯ್ದು ಬಂದವರಿಗೆಲ್ಲ ಹಂಚಿದೆ. ದೊಡ್ಡ ಸರ್ ಕೊನೆಗೆ ಬಂದರು. ನನ್ನ ಮುಂದೆ ನಿಂತು, ಏನೋ ಹೇಳಲು ಬಾಯಿ ತೆರೆದು, ಮುಚ್ಚಿ, ಕಾದರು. ನಾನು ಮಾತಾಡಲಿ ಎಂದೇ ಕಾದರು. ಕತೆಯನ್ನು ಕೊನೆಗೂ ಸರಿಯಾಗಿ ಓದಿದ್ದರು ಎಂದು ಕಾಣುತ್ತದೆ. ನಾನು ಕೊನೆಯ ಹಣ್ಣು ಸುಲಿದು, ಅರ್ಧ ನಾನು ತಿಂದು, ಉಳಿದರ್ಧ ಚಹಾ ಕೊಡುತ್ತಿದ್ದಾಕೆಯ ಕೈಗಿಟ್ಟೆ.

"ಆಯಿ, ಒಂದು ಮಾತರ ಆಡು, ಹಿರೇರು," ಎಂದು ಪ್ರಜ್ಞಾ ಪಿಸುಗುಟ್ಟಿದಳು. ಅವಳ ಮನಸ್ಸು ಮೆತ್ತಗೆ. ನನ್ನದಲ್ಲ.

ಇಪ್ಪತ್ತು ವರ್ಷಕ್ಕೂ ಮೀರಿ ಮಾಡಿದ ಕೆಲಸ ನನಗೆ ಕಲಿಸಿದ್ದು ಇಷ್ಟೇ: ಇನ್ನೊಬ್ಬರ ಮೈಯಾಗಲಿ, ಮಾತಾಗಲಿ, ಅಳುವಾಗಲಿ, ಎತ್ತುವ ಮೊದಲು ಕೇಳಬೇಕು. ಕೇಳದೆ ಎತ್ತಿದವರು ಎಷ್ಟು ಹೊತ್ತು ಬೇಕಾದರೂ ನಿಂತು ಕಾಯಲಿ. ನಾನಿನ್ನೂ ಬಾಯಿ ಬಿಟ್ಟಿಲ್ಲ.