ಕಲ್ಲಿನೊಳಗಿನ ಮೊಟ್ಟೆ ಆರಿಸಿದವರು

ಅವರು ತೀರಿಕೊಂಡು ನಾಲ್ಕು ತಿಂಗಳಾಯಿತು. ಏನು ಕೆಲಸ ಮಾಡುತ್ತಿದ್ದರು ಎಂದು ಯಾರಾದರೂ ಕೇಳಿದರೆ ಹೆಂಡತಿ ಒಂದೇ ಮಾತು ಹೇಳುತ್ತಾಳೆ: ಕಲ್ಲಿನಿಂದ ಮೊಟ್ಟೆ ಆರಿಸುತ್ತಿದ್ದರು. ಕೇಳಿದವರು ನಗುತ್ತಾರೆ. ನಗಲಿ.

ಮೊದಲು ಮೀನುಮರಿ ಸಾಕುವ ಕೇಂದ್ರದಲ್ಲಿದ್ದರು. ತಟ್ಟೆಯಲ್ಲಿ ಬೆಳ್ಳಗಾದ ಸತ್ತ ಮೊಟ್ಟೆಗಳನ್ನು ಹೆಕ್ಕಿ ತೆಗೆಯುವ ಕೆಲಸ. ಅದು ಮುಚ್ಚಿದ ಮೇಲೆ ಕಾಲೇಜಿನ ಪ್ರಯೋಗಾಲಯ ಸೇರಿದರು. ಅಲ್ಲಿ ಐವತ್ತು ಕೋಟಿ ವರ್ಷಕ್ಕೂ ಹಳೆಯ ಕಲ್ಲನ್ನು ತೆಳು ಆಸಿಡ್‌ನಲ್ಲಿ ವಾರಗಟ್ಟಲೆ ನೆನೆಹಾಕುತ್ತಿದ್ದರು. ಕಲ್ಲು ಕರಗಿ ತಳದಲ್ಲಿ ಮರಳು ಉಳಿಯುತ್ತಿತ್ತು. ಅದನ್ನು ಒಣಗಿಸಿ, ಜರಡಿ ಹಿಡಿದು, ಸೂಕ್ಷ್ಮದರ್ಶಕದಡಿ ಒದ್ದೆ ಕುಂಚದ ತುದಿಯಿಂದ ಒಂದೊಂದೇ ಉಂಡೆ ಎತ್ತಬೇಕು. ಗಸಗಸೆಗಿಂತ ಸಣ್ಣ ಉಂಡೆ. ಆ ಕಾಲದ ಪ್ರಾಣಿಗಳ ಭ್ರೂಣ ಕಲ್ಲಾಗಿ ಉಳಿದಿದೆಯೇ ಎಂಬುದು ಅಲ್ಲಿನ ಪ್ರೊಫೆಸರ ಹುಡುಕಾಟ.

“ಮನೆ ಅಕ್ಕೀಲಿ ಇಷ್ಟು ದಪ್ಪ ಕಲ್ಲು ಕಾಣಲ್ಲ, ಅಲ್ಲಿ ಹೋಗಿ ಕಲ್ಲಲ್ಲಿ ಮೊಟ್ಟೆ ಹುಡುಕ್ತಾರಂತೆ” ಎಂದು ಹೆಂಡತಿ ಚುಚ್ಚುತ್ತಿದ್ದಳು.

“ಅಕ್ಕಿ ಆರಿಸೋಕೆ ನೀನು ಸಂಬಳ ಕೊಡ್ತೀಯೇನೇ?”

ಆರು ತಿಂಗಳಲ್ಲಿ ಐದು ಡಬ್ಬಿ ತುಂಬಿದವು. ನುಣುಪು ಉಂಡೆ ಒಂದರಲ್ಲಿ. ನಡುವೆ ಗೆರೆ ಬಿದ್ದು ಎರಡು ಭಾಗವಾದವು ಇನ್ನೊಂದರಲ್ಲಿ. ನಾಲ್ಕು, ಎಂಟು, ಹದಿನಾರು ಭಾಗದವು ಉಳಿದ ಮೂರರಲ್ಲಿ. ಪ್ರೊಫೆಸರು ಒಂದೊಂದೇ ಡಬ್ಬಿ ನೋಡಿದರು. ಮುಖ ಸಪ್ಪಗಾಯಿತು.

“ಬರೀ ಖನಿಜದ ಉಂಡೆ. ಬಿರುಕು ಬಿಟ್ಟಿವೆ ಅಷ್ಟೇ. ನಾಳೆ ಎಸೆದುಬಿಡಿ.”

ಅವತ್ತು ಅವರು ಮನೆಗೆ ಬಂದು ಊಟದ ತಟ್ಟೆ ಮುಟ್ಟಲಿಲ್ಲ. “ಬಿರುಕು ಅಂದ್ರೆ ಅಡ್ಡಾದಿಡ್ಡಿ ಬಿಡ್ಬೇಕು. ಇವು ಎರಡು, ನಾಲ್ಕು, ಎಂಟು ಅಂತ ಹೇಳಿ ಮಾಡಿಸಿದ ಹಾಗಿವೆ ಕಣೇ. ಆರು ತಿಂಗಳು ನನ್ನ ಕಣ್ಣು ಸುಳ್ಳು ಹೇಳ್ತಾ?”

“ಅವರ ಮುಂದೆ ಹೇಳಿದ್ರಾ?”

“ನಾನು ಓದಿರೋದು ಆರನೇ ಕ್ಲಾಸು.”

“ಕಣ್ಣಿಗೂ ಕ್ಲಾಸು ಇದ್ಯಾ? ಬಾಯಿ ಬಿಟ್ಟು ಹೇಳ್ರಿ.”

ಮರುದಿನ ಎಲ್ಲರಿಗಿಂತ ಮೊದಲೇ ಹೋದರು. ಐದೂ ಡಬ್ಬಿಯಿಂದ ಇಪ್ಪತ್ತಿಪ್ಪತ್ತು ಉಂಡೆ ಎತ್ತಿ ಒಂದೇ ತಟ್ಟೆಯಲ್ಲಿ ಸಾಲಾಗಿ ಜೋಡಿಸಿದರು. ಸೂಕ್ಷ್ಮದರ್ಶಕದೊಳಗಿನ ಅಳತೆಗೆರೆಗೆ ಹಿಡಿದು ನೂರನ್ನೂ ಅಳೆದರು. ಪ್ರೊಫೆಸರು ಬಂದಾಗ ಎದ್ದು ನಿಂತರು.

“ಸಾರ್, ಎಸೆಯೋ ಮುಂಚೆ ಒಂದ್ಸಲ ಇವನ್ನೆಲ್ಲ ಒಟ್ಟಿಗೆ ನೋಡಿ. ಭಾಗ ಹೆಚ್ಚಾದ ಹಾಗೆ ಒಂದೊಂದು ಭಾಗಾನೂ ಸಣ್ಣದಾಗಿದೆ. ಇಡೀ ಉಂಡೆ ಮಾತ್ರ ಅಷ್ಟೇ ದಪ್ಪ ಇದೆ. ಮೀನಿನ ಮೊಟ್ಟೇನೂ ಹೀಗೇ. ತಿನ್ನೋಕೆ ಬಾಯಿ ಬರೋವರೆಗೂ ದಪ್ಪ ಆಗಲ್ಲ. ಇದ್ದದ್ದನ್ನೇ ಒಳಗೊಳಗೆ ಹಂಚ್ಕೊಳ್ಳುತ್ತೆ.”

ಪ್ರೊಫೆಸರು ಬಗ್ಗಿ ನೋಡಿದರು. ನೋಡುತ್ತಲೇ ಇದ್ದರು. ಆಮೇಲೆ, “ನಿಮ್ಮ ಕುರ್ಚಿ ಕೊಡಿ, ಕೂತು ನೋಡ್ಬೇಕು” ಎಂದರು.

ಕೆಲವು ಉಂಡೆಗಳನ್ನು ಸೀಳಿ, ದೊಡ್ಡ ಯಂತ್ರದಲ್ಲಿಟ್ಟು ಮೂರು ವಾರ ಪರೀಕ್ಷೆ ಮಾಡಿದರು. ಭ್ರೂಣವೇ. ಒಂದೇ ಜಾತಿಯ ಪ್ರಾಣಿ ಬೆಳೆಯುವ ಐದು ಹಂತ. ಪ್ರೊಫೆಸರು ವಿದ್ಯಾರ್ಥಿಗಳನ್ನೆಲ್ಲ ಕರೆದು, “ಎಸೀರಿ ಅಂದೋನು ನಾನು. ಉಳಿಸಿದೋರು ಇವರು” ಎಂದರು.

ಆಮೇಲೆ ಹದಿನಾಲ್ಕು ವರ್ಷ, ಆರನೇ ಕ್ಲಾಸು ಓದಿದ ಅವರು ನೋಡಿ ಹೂಂ ಅನ್ನದೆ ಆ ಪ್ರಯೋಗಾಲಯದಿಂದ ಒಂದು ಚಿಟಿಕೆ ಮರಳೂ ಆಚೆ ಹೋಗಲಿಲ್ಲ.